ಒಬ್ಬರ ಜನಾಂಗ ಯಾವುದು ಅಂತ ತೀರ್ಮಾನ ಮಾಡುವುದು ಯಾರು?

ಸುಮಾ, ಮೇರಿಲ್ಯಾಂಡ್

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳಬೇಕು ಅಂದುಕೊಂಡಿದ್ದ ವಿಷಯ ಇದು.

ನಾನು ಹಾಸನದ ಕಡೆಯವಳು. ನನ್ನ ಗಂಡ ಬಾಲ್ಟಿಮೋರ್‌ನ ಕಪ್ಪು ಅಮೆರಿಕನ್ ಕುಟುಂಬದವರು. ಮಗಳಿಗೆ ಈಗ ಹದಿನಾರು ವರ್ಷ. ಮನೆಯಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಾಳೆ. ಭಾನುವಾರ ಅವರಪ್ಪನ ತಾಯಿಯ ಜೊತೆ ಚರ್ಚಿಗೆ ಹೋಗಿ ಹಾಡುತ್ತಾಳೆ. ಅವಳಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ಗೊಂದಲ ಇರುವುದು ಸುತ್ತ ಇರುವವರಿಗೆ.

2024ರ ಜುಲೈ 31ರಂದು ಷಿಕಾಗೋದಲ್ಲಿ ಕಪ್ಪು ಪತ್ರಕರ್ತರ ಸಮಾವೇಶ ನಡೆಯಿತು. ಅಲ್ಲಿ ಟ್ರಂಪ್ ಆಡಿದ ಮಾತು ನೆನಪಿರಬಹುದು. ಆಗ ಅಧ್ಯಕ್ಷ ಚುನಾವಣೆಯಲ್ಲಿ ಅವರ ಎದುರಾಳಿಯಾಗಿದ್ದ ಕಮಲಾ ಹ್ಯಾರಿಸ್ ಮೊದಲೆಲ್ಲ ಬರೀ ಭಾರತೀಯಳಾಗಿದ್ದರು, ಆಮೇಲೆ ಇದ್ದಕ್ಕಿದ್ದಂತೆ ಕಪ್ಪು ಮಹಿಳೆ ಆದರು ಅನ್ನುವ ಅರ್ಥದ ಮಾತು. ಆಕೆ ಹುಟ್ಟಿದ್ದು 1964ರಲ್ಲಿ, ಓಕ್ಲೆಂಡ್‌ನಲ್ಲಿ. ತಾಯಿ ತಮಿಳುನಾಡಿನ ಮೂಲದ ಶ್ಯಾಮಲಾ ಗೋಪಾಲನ್, ತಂದೆ ಜಮೈಕಾದವರು. ಓದಿದ್ದು ಕಪ್ಪು ಜನರ ಹೆಮ್ಮೆಯ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ. ಇಷ್ಟೆಲ್ಲ ದಾಖಲೆ ಕಣ್ಣೆದುರಿಗೇ ಇದ್ದರೂ ಆ ಪ್ರಶ್ನೆ ಎದ್ದಿತು.

ನನಗೆ ಹೆಚ್ಚು ನೋವಾಗಿದ್ದು ಟ್ರಂಪ್ ಮಾತಿನಿಂದ ಅಲ್ಲ. ಆಮೇಲೆ ನಮ್ಮ ಕನ್ನಡದವರ ನಡುವೆಯೇ ಅದೇ ಮಾತು ನಡೆಯಿತು. 'ಅವರು ನಮ್ಮವರು ಅಂತ ಯಾವತ್ತಾದರೂ ಹೇಳಿದ್ದಾರಾ? ವೋಟಿಗೋಸ್ಕರ ಆ ಕಡೆ ಹೋದರು' ಅಂತ. ಮಗಳು ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು.

ಅದಕ್ಕೇ ಕೇಳುತ್ತಿದ್ದೇನೆ. ಒಬ್ಬ ಮನುಷ್ಯನ ಜನಾಂಗ ತೀರ್ಮಾನ ಮಾಡುವುದು ಯಾರು? ಹೆತ್ತವರಾ, ಸರ್ಕಾರವಾ, ನೋಡುವವರಾ, ಇಲ್ಲ ಅವರವರೇನಾ?

ಮೇಷ್ಟ್ರು, ಮೈಸೂರು

ಸುಮಾ ಅವರೇ, ಈ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟ್ ನೂರು ವರ್ಷದ ಹಿಂದೆಯೇ ಒಂದು ಉತ್ತರ ಕೊಟ್ಟಿದೆ. ಅದೂ ಒಬ್ಬ ಭಾರತೀಯನ ಮೊಕದ್ದಮೆಯಲ್ಲಿ. ಸ್ವಲ್ಪ ಉದ್ದ ಆಗುತ್ತದೆ, ಓದಿ.

1790ರ ಕಾನೂನು ಏನು ಹೇಳಿತ್ತು ಅಂದರೆ, ಹೊರಗಿನಿಂದ ಬಂದವರಲ್ಲಿ 'ಸ್ವತಂತ್ರ ಬಿಳಿಯ'ರಿಗೆ ಮಾತ್ರ ಪೌರತ್ವ. ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ, ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಈ ಎರಡರಲ್ಲೂ ಸೇರದ ಜಪಾನಿಗಳು, ಸಿರಿಯಾದವರು, ನಮ್ಮವರು ಏನು ಮಾಡಬೇಕು? ಕೋರ್ಟಿಗೆ ಹೋಗಿ 'ನಾವೂ ಬಿಳಿಯರೇ' ಅಂತ ವಾದ ಮಾಡಬೇಕಿತ್ತು. ಹಾಗೆ ವಾದ ಮಾಡಿದವರಲ್ಲಿ ಕೆಲವರು ಗೆದ್ದರು, ಕೆಲವರು ಸೋತರು. ಒಂದೇ ದೇಶದಿಂದ ಬಂದವರು ಒಂದು ಊರಿನ ಕೋರ್ಟಿನಲ್ಲಿ ಬಿಳಿಯರು, ಇನ್ನೊಂದು ಊರಿನಲ್ಲಿ ಅಲ್ಲ.

1922ರ ನವೆಂಬರ್‌ನಲ್ಲಿ ತಕಾವೊ ಒಝಾವ ಅನ್ನುವ ಜಪಾನಿಯ ಕೇಸು ಬಂತು. ಅಮೆರಿಕದಲ್ಲಿ ಇಪ್ಪತ್ತು ವರ್ಷ ಬದುಕಿದವನು, ಮನೆಯಲ್ಲೂ ಇಂಗ್ಲಿಷ್ ಮಾತಾಡುವವನು. ಕೋರ್ಟ್ ಏನು ಹೇಳಿತು? ಬಿಳಿಯ ಅಂದರೆ ಚರ್ಮದ ಬಣ್ಣ ಅಲ್ಲ, ಕಕೇಷಿಯನ್ ಜನಾಂಗ (ಯುರೋಪಿನವರನ್ನು ಸೇರಿಸಿ ಆಗಿನ ವಿಜ್ಞಾನಿಗಳು ಮಾಡಿದ್ದ ಒಂದು ವರ್ಗ). ನೀನು ಆ ಜನಾಂಗದವನಲ್ಲ, ಹೋಗು ಅಂತ.

ಮೂರೇ ತಿಂಗಳು ಕಳೆದಿತ್ತು. 1923ರ ಫೆಬ್ರವರಿ 19ರಂದು ಭಗತ್ ಸಿಂಗ್ ತಿಂಡ್ ಕೇಸಿನ ತೀರ್ಪು ಬಂತು. ಪಂಜಾಬಿನ ಸಿಖ್ಖ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು. ಅವರ ವಾದ ಸರಳವಾಗಿತ್ತು. ನೀವೇ ಹೇಳಿದ್ದೀರಿ ಕಕೇಷಿಯನ್ ಅಂದರೆ ಬಿಳಿಯ ಅಂತ; ನಿಮ್ಮ ವಿಜ್ಞಾನಿಗಳೇ ಉತ್ತರ ಭಾರತದವರನ್ನು ಕಕೇಷಿಯನ್ ಅನ್ನುತ್ತಾರೆ; ಹಾಗಾದರೆ ನಾನೂ ಬಿಳಿಯ. ಆಗ ಕೋರ್ಟ್ ದಾರಿ ಬದಲಿಸಿತು. ವಿಜ್ಞಾನ ಬೇಡ, ಜನಸಾಮಾನ್ಯನ ಕಣ್ಣಿಗೆ ಯಾರು ಬಿಳಿಯನೋ ಅವನೇ ಬಿಳಿಯ ಅಂದಿತು. ತೀರ್ಪು ಬರೆದ ನ್ಯಾಯಮೂರ್ತಿ ಸದರ್‌ಲೆಂಡ್ ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ವಲಸೆ ಬಂದವರು.

ಒಂದು ಮಾತನ್ನು ಮಾತ್ರ ನಾವು ಮುಚ್ಚಿಡಬಾರದು. ತಿಂಡ್ ಪರವಾಗಿ ಸಲ್ಲಿಸಿದ ಲಿಖಿತ ವಾದದಲ್ಲಿ ಜಾತಿಯೂ ಇತ್ತು. ಮೇಲ್ಜಾತಿಯ ಹಿಂದೂ ಇಲ್ಲಿನ ಮೂಲನಿವಾಸಿಗಳನ್ನು ಮದುವೆ ವಿಷಯದಲ್ಲಿ ಹೇಗೆ ದೂರ ಇಡುತ್ತಾನೋ, ಅಮೆರಿಕನ್ನರು ನೀಗ್ರೋಗಳನ್ನು ಹಾಗೇ ದೂರ ಇಡುತ್ತಾರೆ, ಅದಕ್ಕೇ ನಾವು ನೀವು ಒಂದೇ ಅಂತ. ಬಿಳಿಯರ ಸಾಲಿನಲ್ಲಿ ಜಾಗ ಕೇಳುವಾಗ ನಮ್ಮವರು ಮುಂದಿಟ್ಟ ಸಾಕ್ಷಿ ನಾವು ಇನ್ನೊಬ್ಬರನ್ನು ಮುಟ್ಟುವುದಿಲ್ಲ ಅನ್ನುವುದು. ಇದನ್ನು ಮೊದಲ ಸಲ ಓದಿದಾಗ ನನಗೆ ಆ ದಿನ ಪಾಠ ಮಾಡಲು ಆಗಲಿಲ್ಲ.

ತೀರ್ಪಿನ ನಂತರ ಆಗಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದ ಅದನ್ನು ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ ಅವರಲ್ಲಿ ಒಬ್ಬರು. ಬ್ರಿಟಿಷ್ ಪ್ರಜೆಯಾಗಿರಲು ಇಷ್ಟವಿಲ್ಲ ಅಂತ ಹೆಂಡತಿ ಮಕ್ಕಳ ಸಮೇತ 1915ರಲ್ಲಿ ಬಂದವರು. ಪೌರತ್ವ ಹೋಯಿತು, ಅಂಗಡಿ ಹೋಯಿತು, ಊರಿಗೆ ಹೋಗಿ ಬರುವುದಕ್ಕೂ ಬ್ರಿಟಿಷ್ ಪಾಸ್‌ಪೋರ್ಟ್ ಬೇಕು ಅಂದರು. 1928ರಲ್ಲಿ ಅವರು ತಮ್ಮ ಜೀವ ತೆಗೆದುಕೊಂಡರು.

ತಿಂಡ್‌ಗೆ ಕೊನೆಗೆ ಪೌರತ್ವ ಸಿಕ್ಕಿದ್ದು 1936ರಲ್ಲಿ, ಮಾಜಿ ಸೈನಿಕರಿಗೆ ಅಂತ ಆದ ಬೇರೆ ಕಾನೂನಿನಡಿ. ಭಾರತೀಯರಿಗೆಲ್ಲ ಬಾಗಿಲು ತೆರೆದದ್ದು 1946ರಲ್ಲಿ. ಆಗಲೂ ಹೊಸದಾಗಿ ವಲಸೆ ಬರಲು ವರ್ಷಕ್ಕೆ ನೂರು ಜನರಿಗೆ ಮಾತ್ರ ಅವಕಾಶ.

ಕಿರಣ್, ಸನಿವೇಲ್

ಮೇಷ್ಟ್ರೇ, ಒಳ್ಳೆಯ ಮಾಹಿತಿ. ನನ್ನ ಮಾತು ಇಷ್ಟೇ. ಜನಾಂಗ ಅನ್ನುವುದು ಜೀವವಿಜ್ಞಾನದಲ್ಲಿ ನಿಲ್ಲುವುದೇ ಇಲ್ಲ. 1972ರಲ್ಲೇ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ಲೆಕ್ಕ ಹಾಕಿ ತೋರಿಸಿದರು. ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇ. 85ರಷ್ಟು ಒಂದೇ ಜನಸಮುದಾಯದ ಒಳಗೇ ಸಿಗುತ್ತದೆ. ಆಫ್ರಿಕಾ ಖಂಡದ ಒಳಗಿರುವಷ್ಟು ವೈವಿಧ್ಯ ಹೊರಗಿನ ಜಗತ್ತಿನಲ್ಲಿ ಇಲ್ಲ. ಹಾಗಿದ್ದ ಮೇಲೆ ಸರ್ಕಾರದ ಅರ್ಜಿಯಲ್ಲಿ 'ಕಪ್ಪು' ಅಂತ ಒಂದೇ ಬಾಕ್ಸ್ ಇಡುವುದಕ್ಕೆ ಏನರ್ಥ?

ಫ್ರಾನ್ಸ್ ನೋಡಿ. 1978ರ ಕಾನೂನಿನ ಪ್ರಕಾರ ಅಲ್ಲಿ ಸರ್ಕಾರ ಜನರ ಜನಾಂಗದ ಲೆಕ್ಕ ಇಡುವ ಹಾಗಿಲ್ಲ. ಅದೇ ಸರಿ. ಬಾಕ್ಸ್ ಇಟ್ಟಷ್ಟೂ ಜನ ಅದರೊಳಗೆ ಹೋಗಿ ಕೂರುತ್ತಾರೆ, ರಾಜಕಾರಣಿಗಳು ಅದನ್ನೇ ಎಣಿಸುತ್ತಾರೆ. ಎಲ್ಲ ಕಾಲಂ ತೆಗೆದುಹಾಕಬೇಕು.

ನಾಗವೇಣಿ, ಮಂಗಳೂರು

ಕಿರಣ್, ವಿಜ್ಞಾನದ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಕಾಲಂ ತೆಗೆದರೆ ಸರಿಹೋಗುತ್ತದೆ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನನ್ನ ಯಜಮಾನರ ಕೆಲಸದ ಕಾರಣಕ್ಕೆ ನಾವು ಡರ್ಬನ್‌ನಲ್ಲಿ ಕೆಲವು ವರ್ಷ ಇದ್ದೆವು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

1950ರ ಜನಸಂಖ್ಯಾ ನೋಂದಣಿ ಕಾನೂನು ಬಂದ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ಪ್ರತಿಯೊಬ್ಬರಿಗೂ ಒಂದು ಜನಾಂಗ ಬರೆಯಬೇಕಿತ್ತು. ಆ ಕಾನೂನು ಬಿಳಿಯ ಅಂದರೆ ಯಾರು ಅಂತ ಹೇಳುವ ರೀತಿ ನೋಡಿ. ನೋಡಿದ ತಕ್ಷಣ ಬಿಳಿಯ ಅಂತ ಕಾಣುವವರು, ಇಲ್ಲವೇ ಸುತ್ತಲಿನವರು ಬಿಳಿಯ ಅಂತ ಒಪ್ಪಿಕೊಂಡವರು. ಕಾಣಲು ಬಿಳಿಯರಾಗಿದ್ದರೂ ಊರಿನವರು ಮಿಶ್ರ ಜನಾಂಗದವರು ಅಂತ ತಿಳಿದಿದ್ದರೆ, ಅವರು ಬಿಳಿಯರಲ್ಲ. ಮೇಷ್ಟ್ರು ಹೇಳಿದ ಜನಸಾಮಾನ್ಯನ ಕಣ್ಣು ಅಂದರೆ ಇದೇ ತಾನೇ? ಅನುಮಾನ ಬಂದರೆ ಅಧಿಕಾರಿಗಳು ಕೂದಲಿಗೆ ಪೆನ್ಸಿಲ್ ಸಿಕ್ಕಿಸುತ್ತಿದ್ದರು. ತಲೆ ಅಲ್ಲಾಡಿಸಿದಾಗ ಪೆನ್ಸಿಲ್ ಬಿದ್ದರೆ ಬಿಳಿಯ, ಸಿಕ್ಕಿಕೊಂಡರೆ ಅಲ್ಲ. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ಜನಾಂಗಕ್ಕೆ ಸೇರಿಹೋದರು. ಬೇರೆ ಜನಾಂಗ ಅಂದರೆ ಬೇರೆ ಬಡಾವಣೆ, ಬೇರೆ ಶಾಲೆ, ಬೇರೆ ಆಸ್ಪತ್ರೆ. ಆದರೆ ಜಪಾನಿನ ವ್ಯಾಪಾರಿಗಳಿಗೆ 'ಗೌರವ ಬಿಳಿಯರು' ಅನ್ನುವ ಪಟ್ಟ ಸಿಕ್ಕಿತು. ಕಾರಣ ಸ್ಪಷ್ಟ ಅಲ್ವಾ, ಜಪಾನ್ ಜೊತೆ ವ್ಯಾಪಾರ ಬೇಕಿತ್ತು.

ಭಾರತೀಯರ ಕಥೆ ಇನ್ನೊಂದು. 1860ರಿಂದ ಕಬ್ಬಿನ ತೋಟಕ್ಕೆ ಕೂಲಿಗಳಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಅವರು. ಡರ್ಬನ್‌ನ ಕ್ಯಾಟೋ ಮ್ಯಾನರ್‌ನಿಂದ ಅವರನ್ನು ಎಬ್ಬಿಸಿ ಚಾಟ್ಸ್‌ವರ್ತ್‌ಗೆ ಸಾಗಿಸಿದರು. ನಮ್ಮ ಪಕ್ಕದ ಮನೆಯ ಅಜ್ಜಿಯೊಬ್ಬರು ಹಳೇ ಮನೆಯ ಹಿತ್ತಲಲ್ಲಿದ್ದ ನುಗ್ಗೆಮರ, ಕರಿಬೇವಿನ ಗಿಡ ಎಲ್ಲೆಲ್ಲಿ ಇದ್ದವು ಅಂತ ಕೈಯಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸುತ್ತಿದ್ದರು. ಆಮೇಲೆ 1983ರಲ್ಲಿ ಸರ್ಕಾರ ಹೊಸ ಸಂವಿಧಾನ ತಂದು ಬಿಳಿಯರಿಗೊಂದು ಸದನ, ಮಿಶ್ರ ಜನಾಂಗದವರಿಗೊಂದು, ಭಾರತೀಯರಿಗೊಂದು ಅಂತ ಮಾಡಿತು. ಆಫ್ರಿಕನ್ನರಿಗೆ ಏನೂ ಇಲ್ಲ. ಭಾರತೀಯರನ್ನು ಆಫ್ರಿಕನ್ನರಿಂದ ಬೇರೆ ಮಾಡುವ ಉಪಾಯ ಅದು. 1984ರ ಚುನಾವಣೆಯಲ್ಲಿ ನೋಂದಾಯಿತ ಭಾರತೀಯ ಮತದಾರರಲ್ಲಿ ಸುಮಾರು ಐದರಲ್ಲಿ ಒಬ್ಬರು ಮಾತ್ರ ಮತ ಹಾಕಿದರು. ಉಳಿದವರು ಬಹುತೇಕ ದೂರ ಉಳಿದರು. ಅದಕ್ಕೆ ಒಂದು ಕಾರಣ, ಕಪ್ಪು ಜನರ ಹೋರಾಟಗಾರ ಸ್ಟೀವ್ ಬಿಕೊ ಮತ್ತು ಅವರ ವಿದ್ಯಾರ್ಥಿ ಸಂಘಟನೆ ಅದಕ್ಕೂ ಹತ್ತು ವರ್ಷಕ್ಕೆ ಮೊದಲೇ ಬೇರೆ ಮಾತು ಕಲಿಸಿತ್ತು. ಕಾನೂನಿನಿಂದ, ರೂಢಿಯಿಂದ ತುಳಿತಕ್ಕೆ ಒಳಗಾದವರೆಲ್ಲ ಕಪ್ಪು ಜನ, ಭಾರತೀಯರೂ ಅದರಲ್ಲಿ ಸೇರಿದವರು ಅಂತ.

ಆ ನೋಂದಣಿ ಕಾನೂನು 1991ರಲ್ಲಿ ರದ್ದಾಯಿತು. ಆದರೂ ನೇಮಕಾತಿಯ ಅರ್ಜಿಗಳಲ್ಲಿ ಕಾಲಂ ಉಳಿದಿದೆ. 1998ರ ಉದ್ಯೋಗ ಸಮಾನತೆ ಕಾನೂನಿಗೆ ಅದು ಬೇಕು. ನಲವತ್ತು ವರ್ಷ ಯಾರ್ಯಾರನ್ನು ಯಾವ ಕಾರಣಕ್ಕೆ ಹೊರಗಿಟ್ಟರು ಅಂತ ಎಣಿಸದೆ ಒಳಗೆ ಕರೆದುಕೊಳ್ಳುವುದು ಹೇಗೆ? 2008ರಲ್ಲಿ ಅಲ್ಲಿನ ಚೀನೀ ಮೂಲದವರು ಹೈಕೋರ್ಟಿಗೆ ಹೋಗಿ, ತಮಗೂ ಅನ್ಯಾಯ ಆಗಿತ್ತು ಅಂತ ತೋರಿಸಿ, ಈ ಕಾನೂನಿನ ಮಟ್ಟಿಗೆ ತಾವೂ 'ಕಪ್ಪು ಜನ'ರ ಪಟ್ಟಿಗೆ ಸೇರುತ್ತೇವೆ ಅಂತ ಆದೇಶ ತಂದರು. ಅದನ್ನು ತಮಾಷೆ ಮಾಡಿದವರು ತುಂಬಾ ಜನ. ನನಗೆ ಅದು ನ್ಯಾಯ ಅಂತಲೇ ಅನ್ನಿಸಿತು.

ದಿನೇಶ್, ಮಿಷಿಗನ್

ಸುಮಾ ಅವರು 'ವೋಟಿಗೋಸ್ಕರ ಆ ಕಡೆ ಹೋದರು' ಅನ್ನುವ ಮಾತು ಹೇಳಿದರು. ನಮ್ಮ ಕಡೆ ಇದೇ ಪ್ರಶ್ನೆ ತಿರುಗಿ ಬಂದಿದೆ. ಶ್ರೀ ಥಾಣೇದಾರ್ ಗೊತ್ತಲ್ವಾ? ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. 2022ರಲ್ಲಿ ಡೆಟ್ರಾಯಿಟ್‌ನಿಂದ ಅಮೆರಿಕದ ಸಂಸತ್ತಿಗೆ ಗೆದ್ದರು. ನಾವೆಲ್ಲ ಫೋನ್ ಮಾಡಿ ಮಾಡಿ ಸಂತೋಷ ಪಟ್ಟೆವು.

ನಮ್ಮ ಕಚೇರಿಯಲ್ಲಿ ಒಬ್ಬರು ಹಿರಿಯ ಕಪ್ಪು ಸಹೋದ್ಯೋಗಿ ಇದ್ದರು. ಅವರಿಗೆ ಅದು ಸಂತೋಷದ ಸುದ್ದಿ ಆಗಿರಲಿಲ್ಲ. ಡೆಟ್ರಾಯಿಟ್‌ನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಕಪ್ಪು ಅಮೆರಿಕನ್ನರು. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಸಂಸತ್ತಿಗೆ ಹೋದಾಗಿನಿಂದ ಆ ಊರಿಗೆ ಒಬ್ಬ ಕಪ್ಪು ಸಂಸದ ಇದ್ದೇ ಇದ್ದರು. 2023ರ ಜನವರಿಯಲ್ಲಿ ಆ ಸಾಲು ಮುರಿಯಿತು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಕಪ್ಪು ಅಭ್ಯರ್ಥಿಗಳು ಬಹಳ ಜನ ನಿಂತು ಮತ ಹಂಚಿಹೋಯಿತು. ಥಾಣೇದಾರ್ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಮತದಲ್ಲೇ ಗೆದ್ದರು, ಸ್ವಂತ ದುಡ್ಡೂ ಸಾಕಷ್ಟು ಹಾಕಿದ್ದರು. ಕಾನೂನಿನ ಪ್ರಕಾರ ಎಲ್ಲ ಸರಿ. ಆದರೆ ಆ ಹಿರಿಯರು ನನಗೆ ಕೇಳಿದ್ದು ಇದು: 'ನಮ್ಮ ತಾಯಂದಿರು ದಕ್ಷಿಣದಲ್ಲಿ ವೋಟು ಹಾಕಲು ಬಿಡದೆ ಇದ್ದಾಗ ಈ ಊರಿಗೆ ಬಂದವರು. ನಮ್ಮ ಸೀಟು ಅಂತ ನಾವು ಅನ್ನುವುದು ತಪ್ಪಾ?'

ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಥಾಣೇದಾರ್ ನಿಲ್ಲಬಾರದಿತ್ತು ಅಂತಲೂ ನಾನು ಹೇಳುವುದಿಲ್ಲ. ಯಾರು ಯಾರನ್ನು ಪ್ರತಿನಿಧಿಸಬಹುದು ಅನ್ನುವುದು ಚರ್ಮದ ಮೇಲೆ ನಿಲ್ಲಬಾರದು. ಆದರೆ ಎಪ್ಪತ್ತು ವರ್ಷದ ನೆನಪನ್ನು 'ಜನಾಂಗ ಅನ್ನುವುದೇ ಸುಳ್ಳು' ಅಂತ ಒಂದು ಮಾತಿನಲ್ಲಿ ಅಳಿಸಲೂ ಆಗುವುದಿಲ್ಲ, ಕಿರಣ್.

ಕಿರಣ್, ಸನಿವೇಲ್

ನಾನು ಅಳಿಸಿ ಅಂತ ಹೇಳಲಿಲ್ಲ ದಿನೇಶ್. ಮುಂದಿನ ಪೀಳಿಗೆಗೆ ಅದನ್ನೇ ಮತ್ತೆ ಕಟ್ಟಿ ಕಳಿಸಬೇಡಿ ಅಂತ ಹೇಳಿದೆ. ಬ್ರೆಜಿಲ್‌ನ ಬ್ರೆಸಿಲಿಯಾ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಏನಾಯಿತು ಗೊತ್ತಲ್ವಾ? ಕಪ್ಪು ವಿದ್ಯಾರ್ಥಿಗಳ ಮೀಸಲಿಗೆ ತದ್ರೂಪಿ ಅವಳಿ ಹುಡುಗರು ಅರ್ಜಿ ಹಾಕಿದರು. ಫೋಟೊ ನೋಡಿ ತೀರ್ಮಾನ ಮಾಡುವ ಸಮಿತಿ ಒಬ್ಬನನ್ನು ಕಪ್ಪು ಅಂತ ಒಪ್ಪಿತು, ಇನ್ನೊಬ್ಬನನ್ನು ಇಲ್ಲ ಅಂದಿತು. ಒಳ್ಳೆಯ ಉದ್ದೇಶದ ಕಾಲಂ ಕೂಡ ಕೊನೆಗೆ ಒಂದು ಕೋಣೆಯಲ್ಲಿ ಕೂತು ಮುಖ ನೋಡುವ ನಾಲ್ಕು ಜನರ ಕೈಗೆ ಬರುತ್ತದೆ. ನನ್ನ ಭಯ ಅದು.

ನಾಗವೇಣಿ, ಮಂಗಳೂರು

ಆ ಭಯ ನ್ಯಾಯವಾದದ್ದೇ. ಆದರೆ ಕಾಲಂ ಇಲ್ಲದ ಫ್ರಾನ್ಸ್‌ನಲ್ಲಿ ಮುಖ ನೋಡುವುದು ನಿಂತಿದೆಯಾ? ಬಾಡಿಗೆ ಮನೆ ಕೊಡುವವನು, ರಸ್ತೆಯಲ್ಲಿ ತಡೆದು ಗುರುತಿನ ಚೀಟಿ ಕೇಳುವ ಪೊಲೀಸ್, ಇವರೆಲ್ಲ ನೋಡಿಯೇ ನೋಡುತ್ತಾರೆ. ಲೆಕ್ಕ ಇಲ್ಲದ್ದರಿಂದ ಅನ್ಯಾಯ ಎಷ್ಟು ಅಂತ ತೋರಿಸುವುದು ಕಷ್ಟ, ಅಷ್ಟೇ.

ಗಣಪತಿ, ಯಲ್ಲಾಪುರ

ಎಲ್ಲರೂ ಅಮೆರಿಕ ಆಫ್ರಿಕಾ ಅನ್ನುತ್ತಿದ್ದೀರಿ. ಆಫ್ರಿಕಾ ಮೂಲದ ಕನ್ನಡನಾಡಿನ ಜನ ನಮ್ಮ ಊರಿನಲ್ಲೇ ಇದ್ದಾರಲ್ಲ. ಸಿದ್ದಿಗಳ ವಿಷಯ ಯಾರೂ ಎತ್ತಲಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡಂಚಿನಲ್ಲಿ ಇರುವವರು. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿ ಇವರು. ಮನೆಯಲ್ಲಿ ಆಡುವುದು ಕೊಂಕಣಿ, ಪೇಟೆಗೆ ಬಂದರೆ ಕನ್ನಡ. ಇವರಂತೆಯೇ ಆಫ್ರಿಕಾ ಮೂಲದ ಒಬ್ಬರು (ಆಗ ಹಬಶಿ ಅನ್ನುತ್ತಿದ್ದರು), ಇಖ್ಲಾಸ್ ಖಾನ್, ಹದಿನೇಳನೇ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ದೊಡ್ಡ ಮಂತ್ರಿಯಾಗಿದ್ದರು. ಅಲ್ಲಿ ಮಂತ್ರಿ, ಇಲ್ಲಿ ಅಡಿಕೆ ತೋಟದಲ್ಲಿ ಕೂಲಿ. ಮೂಲ ಒಂದೇ ಇದ್ದರೂ ಸಿಕ್ಕ ಜಾಗ ಬೇರೆ.

1980ರ ದಶಕದಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರದವರು ಬಂದು ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿಗೆ ಕರೆದುಕೊಂಡು ಹೋದರು. ಆಫ್ರಿಕಾ ರಕ್ತ ಇದೆ, ಒಲಿಂಪಿಕ್ಸ್ ಪದಕ ತರುತ್ತಾರೆ ಅನ್ನುವ ನಂಬಿಕೆ. ಕೆಲವರು ನಿಜಕ್ಕೂ ಚೆನ್ನಾಗಿ ಓಡಿದರು, ದೇಶಕ್ಕೆ ಪದಕ ತಂದವರೂ ಇದ್ದಾರೆ. ಕೆಲವೇ ವರ್ಷದಲ್ಲಿ ಯೋಜನೆ ನಿಂತಿತು. ಮಕ್ಕಳು ಅರ್ಧಕ್ಕೆ ಊರಿಗೆ ವಾಪಸ್. ಆ ಕಾಲದಲ್ಲಿ ತರಬೇತಿಗೆ ಹೋಗಿ ಬಂದವರೊಬ್ಬರು ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದರು. ಕೊನೆಗೌಡನಾಗಿ ಮರ ಹತ್ತಿ ಅಡಿಕೆ ಕೊನೆ ಇಳಿಸುತ್ತಿದ್ದರು. ಓಟದ ಬೂಟು ಇನ್ನೂ ಮನೆಯ ಅಟ್ಟದಲ್ಲಿದೆ ಅನ್ನುತ್ತಿದ್ದರು. ಅವರಿಗೆ ಏನು ಇಷ್ಟ, ಏನು ಓದಬೇಕು ಅಂತ ಆಗ ಯಾರೂ ಕೇಳಿರಲಿಲ್ಲ. ನೋಡಿದರು, ಕರೆದುಕೊಂಡು ಹೋದರು, ಬಿಟ್ಟುಬಿಟ್ಟರು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರದ ಪುಸ್ತಕದಲ್ಲಿ ಜನಾಂಗ ಅನ್ನುವ ಕಾಲಂ ಇಲ್ಲ. 1901ರಲ್ಲಿ ಬ್ರಿಟಿಷರ ಜನಗಣತಿ ಕಮಿಷನರ್ ರಿಸ್ಲೆ ಮೂಗಿನ ಅಳತೆ ಹಿಡಿದು ಜಾತಿಗಳಿಗೆ ಮೇಲು ಕೀಳು ಹೇಳಲು ಹೊರಟಿದ್ದ. ಅದನ್ನು ಬಿಟ್ಟದ್ದು ಒಳ್ಳೆಯದೇ. ಆದರೆ ಸಿದ್ದಿಗಳಿಗೆ ಬೀದಿಯಲ್ಲಿ ಆಗುತ್ತಿದ್ದ ಅವಮಾನ ಮುಖ ನೋಡಿಯೇ. ಪರಿಹಾರ ಕೇಳಬೇಕಾದರೆ ಬುಡಕಟ್ಟು ಅಂತ ತೋರಿಸಬೇಕು. 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳು ನೋಡಿ: ಆದಿಮ ಗುಣ, ಬೇರೆ ಸಂಸ್ಕೃತಿ, ದೂರದ ವಾಸ, ಹೊರಗಿನವರ ಜೊತೆ ಬೆರೆಯಲು ನಾಚಿಕೆ, ಹಿಂದುಳಿದಿರುವಿಕೆ. ಹೋರಾಟ ಮಾಡಿ ಮಾಡಿ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡ ಆದರು. ಗಡಿ ದಾಟಿ ಧಾರವಾಡ, ಬೆಳಗಾವಿ ಜಿಲ್ಲೆಯಲ್ಲಿ ಇದ್ದವರು ಆ ಪಟ್ಟಿಗೆ ಸೇರಲು 2020 ಆಗಬೇಕಾಯಿತು. ಹಳಿಯಾಳದ ಸಿದ್ದಿ ಪರಿಶಿಷ್ಟ ಪಂಗಡ, ಪಕ್ಕದ ಕಲಘಟಗಿಯ ಅವರ ನೆಂಟ ಅಲ್ಲ. ಹದಿನೇಳು ವರ್ಷ ಹೀಗೇ ನಡೆಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಆದರು. ಶಾಸನಸಭೆಗೆ ಹೋದ ಮೊದಲ ಸಿದ್ದಿ ಅವರು.

ಸುಮಾ ಅಕ್ಕಾ, ನಿಮ್ಮ ಮಗಳನ್ನು ಕರೆದುಕೊಂಡು ಒಂದು ಸಲ ಬನ್ನಿ.

ರಘು, ವರ್ಜೀನಿಯಾ

ನಾನು ಅಂಕಿಅಂಶದ ಕೆಲಸದಲ್ಲಿ ಇರುವವನು. ಸುಮಾ ಅವರ ಮಗಳನ್ನು ಸರ್ಕಾರ ಹೇಗೆ ಎಣಿಸುತ್ತದೆ ಅಂತ ಹೇಳಬಲ್ಲೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಮೊದಲು ನಮ್ಮದೇ ಕಥೆ. ಅಮೆರಿಕದ ಜನಗಣತಿಯಲ್ಲಿ 1920ರಿಂದ 1940ರವರೆಗೆ ಭಾರತೀಯರ ಜನಾಂಗ 'ಹಿಂದೂ'. ಸಿಖ್ಖರಿಗೂ ಮುಸ್ಲಿಮರಿಗೂ ಅದೇ. 1970ರಲ್ಲಿ ನಮ್ಮನ್ನು ಬಿಳಿಯರ ಲೆಕ್ಕಕ್ಕೆ ಹಾಕಿದರು. 1970ರ ದಶಕದಲ್ಲಿ ಇಲ್ಲಿನ ಭಾರತೀಯ ಸಂಘಟನೆಯೊಂದು ಸರ್ಕಾರಕ್ಕೆ ಮನವಿ ಮಾಡಿ, ನಮ್ಮನ್ನು ಬೇರೆ ಎಣಿಸಿ, ತಾರತಮ್ಯ ನಮಗೂ ಆಗುತ್ತಿದೆ ಅಂತ ಕೇಳಿತು. ಭಾರತೀಯರೊಳಗೇ ವಿರೋಧವೂ ಇತ್ತು. 1980ರಲ್ಲಿ 'ಏಷಿಯನ್ ಇಂಡಿಯನ್' ಬಾಕ್ಸ್ ಬಂತು. 1923ರಲ್ಲಿ ಬಿಳಿಯರಾಗಲು ಕೋರ್ಟಿಗೆ ಹೋದವರ ನಂತರದವರು ಐವತ್ತು ವರ್ಷದಲ್ಲಿ ಬಿಳಿಯರ ಪಟ್ಟಿಯಿಂದ ತೆಗೆಯಿರಿ ಅಂತ ಕೇಳಿದರು. ಎರಡು ಸಲವೂ ಕೇಳಿದ್ದು ರಕ್ಷಣೆಯನ್ನೇ. ಹಾಗಾಗಿ ಅನುಕೂಲಕ್ಕೆ ಬದಲಾದರು ಅನ್ನುವ ಮಾತನ್ನು ಕಮಲಾ ಹ್ಯಾರಿಸ್ ಬಗ್ಗೆ ಆಡುವಾಗ ನಾವು ನಿಧಾನಿಸಬೇಕು.

1960ಕ್ಕೆ ಮುಂಚೆ ಗಣತಿಗೆ ಬಂದವನು ಮುಖ ನೋಡಿ ತಾನೇ ಬರೆದುಕೊಂಡು ಹೋಗುತ್ತಿದ್ದ. 1930ರ ಸೂಚನೆಯಲ್ಲಿ ಸ್ಪಷ್ಟವಾಗಿ ಹೀಗಿತ್ತು: ಕಪ್ಪು ರಕ್ತ ಎಷ್ಟೇ ಕಡಿಮೆ ಇರಲಿ, ನೀಗ್ರೋ ಅಂತಲೇ ಬರೆಯಿರಿ. ಗುಲಾಮಗಿರಿಯ ಕಾಲದಲ್ಲಿ ಯಜಮಾನನಿಗೆ ಹುಟ್ಟಿದ ಮಗುವೂ ಗುಲಾಮನೇ ಆಗಬೇಕು ಅನ್ನುವ ಲೆಕ್ಕದಿಂದ ಬೆಳೆದ ನಿಯಮ ಇದು. ಲೂಯಿಸಿಯಾನಾದಲ್ಲಂತೂ ಮೂವತ್ತೆರಡರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಪ್ಪು ರಕ್ತ ಇದ್ದರೆ ಕಪ್ಪು ಅನ್ನುವ ಕಾನೂನು 1983ರವರೆಗೂ ಇತ್ತು.

ಎರಡು ಬಾಕ್ಸಿಗೆ ಗುರುತು ಹಾಕುವ ಅವಕಾಶ ಬಂದದ್ದು 2000ದ ಗಣತಿಯಲ್ಲಿ. ಈಗ ಅದೇ ಮಗುವಿನ ಲೆಕ್ಕ ನೋಡಿ. ಶಾಲೆಯ ಅರ್ಜಿಯಲ್ಲಿ ಅವಳು ಕಪ್ಪು ಮತ್ತು ಏಷಿಯನ್ ಎರಡಕ್ಕೂ ಗುರುತು ಹಾಕಿದರೆ, ಶಿಕ್ಷಣ ಇಲಾಖೆಗೆ ಹೋಗುವ ವರದಿಯಲ್ಲಿ ಅವಳು 'ಎರಡು ಅಥವಾ ಹೆಚ್ಚು ಜನಾಂಗ' ಅನ್ನುವ ಗುಂಪಿಗೆ ಸೇರುತ್ತಾಳೆ. ಶಾಲೆಯ ಕಪ್ಪು ಮಕ್ಕಳ ಲೆಕ್ಕದಲ್ಲೂ ಇಲ್ಲ, ಏಷಿಯನ್ನರ ಲೆಕ್ಕದಲ್ಲೂ ಇಲ್ಲ. ಮತಕ್ಷೇತ್ರದ ಗಡಿ ಬಗ್ಗೆ ಕೇಸು ನಡೆದರೆ ಸುಪ್ರೀಂ ಕೋರ್ಟ್ 2003ರಲ್ಲಿ ಒಪ್ಪಿದ ಲೆಕ್ಕದಂತೆ ಕಪ್ಪು ಬಾಕ್ಸಿಗೆ ಗುರುತು ಹಾಕಿದ ಎಲ್ಲರನ್ನೂ ಕಪ್ಪು ಮತದಾರರು ಅಂತ ಎಣಿಸಬಹುದು. ನಾಗರಿಕ ಹಕ್ಕಿನ ದೂರು ಬಂದಾಗ 2000ದ ಮಾರ್ಚ್‌ನಲ್ಲಿ ಶ್ವೇತಭವನದ ಬಜೆಟ್ ಕಚೇರಿ ಕೊಟ್ಟ ನಿಯಮ ಇದೆ. ಯಾವ ಜನಾಂಗದ ಕಾರಣಕ್ಕೆ ಅನ್ಯಾಯ ಆಯಿತು ಅಂತ ದೂರಿದೆಯೋ ಆ ಗುಂಪಿಗೆ ಸೇರಿಸಿ ನೋಡಬೇಕು. ಹೀಗೆ ಒಂದೇ ಹುಡುಗಿ ಮೂರು ಕಚೇರಿಯಲ್ಲಿ ಮೂರು ಥರ.

2010ರಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗ ಅಂದವರು ಸುಮಾರು 90 ಲಕ್ಷ. 2020ರಲ್ಲಿ 3 ಕೋಟಿ 38 ಲಕ್ಷ. ಹತ್ತು ವರ್ಷದಲ್ಲಿ ಅಷ್ಟು ಮದುವೆ, ಅಷ್ಟು ಮಕ್ಕಳು ಆಗಲು ಸಾಧ್ಯವಿಲ್ಲ. ಪ್ರಶ್ನೆಯ ರೂಪ ಬದಲಾಯಿತು, ಉತ್ತರವನ್ನು ವಿಂಗಡಿಸುವ ರೀತಿ ಬದಲಾಯಿತು, ಜನ ತಮ್ಮ ಬಗ್ಗೆ ಹೇಳಿಕೊಳ್ಳುವುದೂ ಬದಲಾಯಿತು.

ಸುಮಾ, ಮೇರಿಲ್ಯಾಂಡ್

ಎಲ್ಲರಿಗೂ ತುಂಬಾ ಧನ್ಯವಾದ. ಗಣಪತಿ ಅವರೇ, ಖಂಡಿತ ಬರುತ್ತೇವೆ.

ಇದನ್ನೆಲ್ಲ ಮಗಳಿಗೂ ಗಂಡನಿಗೂ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಗಂಡ ಒಂದು ಮಾತು ಹೇಳಿದರು. ಒಬಾಮಾ 2010ರ ಗಣತಿಯಲ್ಲಿ ಕಪ್ಪು ಅನ್ನುವ ಒಂದೇ ಬಾಕ್ಸಿಗೆ ಗುರುತು ಹಾಕಿದರು. ತಾಯಿ ಬಿಳಿಯರಾಗಿದ್ದರೂ ಹಾಗೇ ಮಾಡಿದರು. ಆಗ ಇವರಿಗೆ ಹೆಮ್ಮೆ ಆಗಿತ್ತಂತೆ. ಮಗಳಿಗೆ ಅದು ಅಷ್ಟು ಸರಿ ಅನ್ನಿಸಲಿಲ್ಲ. 'ಅವರಮ್ಮನ ವಿಷಯ ಬಿಟ್ಟುಹೋಯಿತಲ್ಲ' ಅಂದಳು. ಅವರಪ್ಪ ಹೇಳಿದರು: ಪೊಲೀಸ್ ಕಾರು ನಿಲ್ಲಿಸಿದಾಗ ಯಾರೂ ಅವರಮ್ಮನ ವಿಷಯ ಕೇಳುವುದಿಲ್ಲ ಅಂತ. ಊಟದ ಮೇಜಿನ ಮುಂದೆ ಬಹಳ ಹೊತ್ತು ಚರ್ಚೆ ನಡೆಯಿತು. ಇಬ್ಬರೂ ಒಪ್ಪಲಿಲ್ಲ. ಇಬ್ಬರ ಮಾತಿನಲ್ಲೂ ಸತ್ಯ ಇದೆ ಅಂತ ನನಗೆ ಅನ್ನಿಸುತ್ತದೆ. ಒಬ್ಬರನ್ನು ಗುಂಪಿಗೆ ಹಾಕುವುದು ಹೊರಗಿನವರು. ಆ ಗುಂಪಿನ ಜೊತೆ ನಿಲ್ಲುತ್ತೇನೆ ಅಂತ ತೀರ್ಮಾನ ಮಾಡುವುದು ಒಳಗಿನಿಂದ ಬರುವುದು. ಕಮಲಾ ಹ್ಯಾರಿಸ್ ಹದಿನೆಂಟರ ಆಸುಪಾಸಿನಲ್ಲಿ ಹೊವರ್ಡ್‌ಗೆ ಹೋದದ್ದು ಎರಡನೆಯದು. ಅದಕ್ಕೆ ನಾವು ರಸೀದಿ ಕೇಳುವ ಹಕ್ಕಿಲ್ಲ.

ರಘು ಅವರೇ, ಒಂದು ಸಣ್ಣ ಪ್ರಶ್ನೆ. ಶಾಲೆಯ ವರದಿಯಲ್ಲಿ ಅವಳು ಎರಡೂ ಲೆಕ್ಕದಿಂದ ಬಿಟ್ಟುಹೋಗುತ್ತಾಳೆ ಅಂದಿರಿ. ಇದು ಬದಲಾಗುತ್ತದಾ?

ರಘು, ವರ್ಜೀನಿಯಾ

2024ರ ಮಾರ್ಚ್‌ನಲ್ಲಿ ಹೊಸ ನಿಯಮ ಬಂತು. ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು) ಅನ್ನುವುದನ್ನು ಬೇರೆ ಪ್ರಶ್ನೆಯಾಗಿ ಕೇಳದೆ ಇದೇ ಪ್ರಶ್ನೆಯಲ್ಲಿ ಸೇರಿಸಬೇಕು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಹೊಸ ಬಾಕ್ಸ್ ಇಡಬೇಕು. ಅಲ್ಲಿಯವರೆಗೆ ಇರಾನಿನವರು ಕಾಗದದ ಮೇಲೆ ಬಿಳಿಯರು, ಗಡಿಯಾಚೆಯ ಪಾಕಿಸ್ತಾನದವರು ಏಷಿಯನ್ನರು. ಎರಡು ಗುರುತು ಹಾಕಿದವರನ್ನು ಆಯಾ ಎರಡು ಗುಂಪಿನಲ್ಲೂ ತೋರಿಸುವ ವಿಧಾನಕ್ಕೂ ಆ ನಿಯಮದಲ್ಲಿ ಜಾಗ ಇದೆ. ಇಲಾಖೆಗಳು ಜಾರಿ ಮಾಡಬೇಕು ಅಷ್ಟೇ. ಮಗಳು ಎರಡಕ್ಕೂ ಗುರುತು ಹಾಕಲಿ. ಮೂಲ ಅರ್ಜಿಯಲ್ಲಿ ಇದ್ದರೆ ಮುಂದೆ ಹೇಗೆ ಎಣಿಸಿದರೂ ಅವಳ ಉತ್ತರ ಉಳಿದಿರುತ್ತದೆ.

ಕಿರಣ್, ಸನಿವೇಲ್

ಗಣಪತಿ ಅವರೇ, ನಿಮ್ಮ ಬರಹದಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕಿತ್ತು. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ ಅಂತ ಓದಿದ್ದೇನೆ. ಭಾರತದ ಜನಗಣತಿಯಲ್ಲಿ ಜಾತಿ ಕಾಲಂ ಬರುತ್ತಿದೆಯಲ್ಲ, ಅವರು ಒಡೆದು ಹೋಗುವುದಿಲ್ಲವಾ?

ಗಣಪತಿ, ಯಲ್ಲಾಪುರ

ಹೌದು, ಮೂರೂ ಇದ್ದಾರೆ. ಪರಿಶಿಷ್ಟ ಜಾತಿಗೆ ಧರ್ಮದ ಷರತ್ತು ಇದೆ, ಪರಿಶಿಷ್ಟ ಪಂಗಡಕ್ಕೆ ಇಲ್ಲ. ಹಾಗಾಗಿ ಮೂರು ಧರ್ಮದ ಸಿದ್ದಿಗಳೂ ಒಂದೇ ಪಟ್ಟಿಯಲ್ಲಿ ಇದ್ದಾರೆ. ಗಣತಿಗೆ ಬಂದಾಗ ಧರ್ಮದ ಕಾಲಂನಲ್ಲಿ ಅವರವರದು ಬರೆಸಿ, ಇನ್ನೊಂದು ಕಡೆ ಸಿದ್ದಿ ಅಂತಲೇ ಬರೆಸಬೇಕು. ಅಡ್ಡಹೆಸರೋ ಊರ ಹೆಸರೋ ಹೇಳಿ ಬಿಟ್ಟರೆ ಲೆಕ್ಕ ಕೈತಪ್ಪುತ್ತದೆ. ಒಂದು ಊರಿನಲ್ಲಿ ಹತ್ತು ಮನೆ ಬಿಟ್ಟುಹೋದರೂ ಇಷ್ಟು ಸಣ್ಣ ಸಮುದಾಯಕ್ಕೆ ಅದು ದೊಡ್ಡ ನಷ್ಟ. ನಮ್ಮ ಕಡೆಯ ಯಾರಾದರೂ ಮೇಷ್ಟ್ರು, ಅಂಗನವಾಡಿಯವರು ಗಣತಿ ಕೆಲಸಕ್ಕೆ ಹೋಗುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಮುಖ ನೋಡಿ ನೀವೇ ಬರೆದುಕೊಳ್ಳಬೇಡಿ. ಬಾಗಿಲಲ್ಲಿ ನಿಂತು ಕೇಳಿ, ಅವರು ಹೇಳಿದ್ದನ್ನು ಬರೆಯಿರಿ.